ಷಿಕಾಗೋದಲ್ಲಿ ಡ್ರಾಯಿಂಗ್ ಮಾಸ್ತರ

ನಮ್ಮ ಕಡೆ ಕೆರೆ ಎಂದರೆ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯಲ್ಲಿ ಎಮ್ಮೆ ಮೈತೊಳೆಯುವವನಿಗೆ ಕೇಳಿಸಬೇಕು. ಸಾಧನಕೇರಿಯಾಗಲಿ, ಕೆಲಗೇರಿಯಾಗಲಿ ಆ ಅಳತೆಯವೇ. ಹೀಗಾಗಿ ಮಗಳು ಫೋನಿನಲ್ಲಿ ‘ಅಪ್ಪಾ, ನಮ್ಮ ಊರೂ ಕೆರೀ ದಂಡೀ ಮ್ಯಾಲ ಅದ, ನಿಮಗ ಬ್ಯಾಸರಾಗೂದಿಲ್ಲ ಬರ್ರಿ’ ಎಂದಾಗ ನಾನು ಅದನ್ನೇ ಕಣ್ಣ ಮುಂದೆ ಇಟ್ಟುಕೊಂಡು ವಿಮಾನ ಹತ್ತಿದೆ. ಅಲ್ಲಿ ಹೋಗಿ ನೋಡಿದರೆ ಆ ‘ಕೆರೆ’ಗೆ ಆಚೆ ದಂಡೆಯೇ ಇಲ್ಲ. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58 ಸಾವಿರ ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗೆ ತುಸು ಕಡಿಮೆ. ಅದರಲ್ಲಿ ತೆರೆಗಳಿವೆ, ದೀಪಸ್ತಂಭವಿದೆ, ಹಡಗುಗಳಿವೆ. ಉಪ್ಪೊಂದಿಲ್ಲ.

ವಿದೇಶಕ್ಕೆ ಹೋಗಿ ಬಂದವರು ಬರೆದ ಪುಸ್ತಕಗಳಿಗೆ ಕನ್ನಡದಲ್ಲಿ ಬರವಿಲ್ಲ. ವಿಮಾನದಲ್ಲಿ ಏನು ಕೊಟ್ಟರು, ಮಗಳ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಹೇಗಿತ್ತು ಎಂಬುದನ್ನು ನಾನು ಬರೆಯುವುದಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ಯಾವುದನ್ನು ನೋಡಿದರೂ ಕೆಂಪು ಪೆನ್ಸಿಲ್ಲಿಗೆ ಕೈ ಹೋಗುತ್ತದೆ. ಆ ಊರಿನ ನಡುಪೇಟೆಯನ್ನು, ಅವರು ಡೌನ್‌ಟೌನ್ ಅನ್ನುವ ಭಾಗವನ್ನು, ಮೂರು ದಿನ ಸುತ್ತಿ ಹಾಕಿದ ಮಾರ್ಕುಗಳಷ್ಟೇ ಇಲ್ಲಿವೆ. ಕೊನೆಯ ದಿನ ನನಗೆ ಬಿದ್ದ ಮಾರ್ಕೂ ಇದೆ.

ಮೊದಲು ದಂಡೆಯ ವಿಷಯ. ಷಿಕಾಗೋದ ಪೇಟೆಗೂ ನೀರಿಗೂ ನಡುವೆ ದೊಡ್ಡದೊಂದು ಬಯಲು ಉಳಿದುಕೊಂಡಿದೆ. ಗ್ರಾಂಟ್ ಪಾರ್ಕ್ ಅನ್ನುತ್ತಾರೆ. 1871ರ ಬೆಂಕಿಯಲ್ಲಿ ಊರು ಸುಟ್ಟಾಗ ಆ ಇಟ್ಟಿಗೆ ಬೂದಿಯನ್ನೆಲ್ಲ ತಂದು ನೀರಿಗೆ ಸುರಿದು ಈ ದಂಡೆಯನ್ನು ಮುಂದಕ್ಕೆ ಚಾಚಿದರು. ಇಷ್ಟು ಬೆಲೆಬಾಳುವ ಜಾಗ ಖಾಲಿ ಹೇಗೆ ಉಳಿಯಿತು? ಉಳಿಸಿದವನು ಕವಿಯಲ್ಲ, ಸಂತನಲ್ಲ, ಒಬ್ಬ ಅಂಗಡಿಕಾರ. ಅಂಚೆಯಲ್ಲಿ ಸಾಮಾನು ಕಳಿಸುವ ವ್ಯಾಪಾರದಿಂದ ಹಣ ಮಾಡಿದ ಮಾಂಟ್ಗೊಮೆರಿ ವಾರ್ಡ್. 1836ರ ಹಳೆಯ ನಕ್ಷೆಯೊಂದರಲ್ಲಿ ಈ ನೆಲ ಎಲ್ಲರದು, ಇಲ್ಲಿ ಎಂದಿಗೂ ಕಟ್ಟಡ ಏಳಕೂಡದು ಎಂಬರ್ಥದ ಸಾಲು ಇತ್ತು. ಅದನ್ನು ಹಿಡಿದುಕೊಂಡು ಈತ 1890ರಿಂದ 1911ರವರೆಗೆ ಕೋರ್ಟು ಹತ್ತಿದ, ಇಳಿದ. ಎದುರಿಗಿದ್ದದ್ದೂ ಇನ್ನೊಬ್ಬ ಅಂಗಡಿಕಾರನ ಹೆಸರು: ಮಾರ್ಷಲ್ ಫೀಲ್ಡ್. ಫೀಲ್ಡ್ ಮ್ಯೂಸಿಯಮ್ಮಿಗೆಂದು 80 ಲಕ್ಷ ಡಾಲರ್ ಬರೆದಿಟ್ಟು 1906ರಲ್ಲಿ ಸತ್ತಿದ್ದ. ಆ ಮ್ಯೂಸಿಯಂ ಪಾರ್ಕಿನಲ್ಲೇ ಬರಬೇಕೆಂದು ಊರೆಲ್ಲ ಹೇಳಿದರೂ ವಾರ್ಡ್ ಬಿಡಲಿಲ್ಲ, ಗೆದ್ದ. ಮ್ಯೂಸಿಯಂ ದಕ್ಷಿಣಕ್ಕೆ ಸರಿದು 1921ರಲ್ಲಿ ತೆರೆಯಿತು. ಒಳ್ಳೆಯ ಕೆಲಸವನ್ನೂ ಒಂದು ಜಾಗದಲ್ಲಿ ಬೇಡ ಅನ್ನುವ ಹಟಮಾರಿ ಇಲ್ಲದೆ ನಮ್ಮ ಎಷ್ಟು ಕೆರೆಯಂಗಳಗಳು ಬಸ್‌ಸ್ಟ್ಯಾಂಡಾಗಿವೆ, ಓದುಗರೇ ಎಣಿಸಿಕೊಳ್ಳಲಿ.

ಆ ಪಾರ್ಕಿನ ವಾಯವ್ಯ ಮೂಲೆಗೆ ಎಲ್ಲರೂ ಓಡುವುದು ಅನೀಶ್ ಕಪೂರರ ‘ಕ್ಲೌಡ್ ಗೇಟ್’ ನೋಡಲು. ಕಪೂರರು ನಮ್ಮ ಮುಂಬಯಿಯಲ್ಲಿ ಹುಟ್ಟಿದವರು. 168 ಉಕ್ಕಿನ ಹಾಳೆಗಳನ್ನು ಬೆಸೆದು, ಬೆಸುಗೆಯ ಗುರುತೇ ಕಾಣದಂತೆ ಉಜ್ಜಿ ಮಾಡಿದ, 66 ಅಡಿ ಉದ್ದದ ಕನ್ನಡಿಗುಂಡು. ಊರವರು ಅದಕ್ಕೆ ಬೀನ್ ಅನ್ನುತ್ತಾರೆ. ನನಗೆ ಗೋಡಂಬಿ ಕಂಡಿತು. ಕೆಲಸ ಅಚ್ಚುಕಟ್ಟು; ಹತ್ತಕ್ಕೆ ಹತ್ತು. ಆದರೆ ಹತ್ತು ನಿಮಿಷ ಅದರ ಸುತ್ತ ನಿಂತು ಜನರನ್ನು ನೋಡಿ. ಒಬ್ಬರೂ ಅದನ್ನು ನೋಡುವುದಿಲ್ಲ. ಅದರಲ್ಲಿ ತಮ್ಮನ್ನು ಹುಡುಕುತ್ತಾರೆ, ಸಿಕ್ಕ ಕೂಡಲೆ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಆಕಾಶವನ್ನೂ ಊರಿನ ಕಟ್ಟಡಗಳನ್ನೂ ಅದು ಬಾಗಿಸಿ ಹಿಡಿಯುವ ಬಗೆ ಬಹಳ ಚೆಂದ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇಷ್ಟೇ: ಕನ್ನಡಿ ಯಾರ ಜೊತೆಗೂ ಜಗಳ ತೆಗೆಯುವುದಿಲ್ಲ. ಅದರ ಹೊಟ್ಟೆಯೊಳಗೆ ಬಾಗಿದ ಒಂದು ಗುಳಿಯಿದೆ, ಕೆಳಗೆ ನಿಂತು ಕತ್ತೆತ್ತಿದರೆ ಒಬ್ಬ ಮನುಷ್ಯ ಹತ್ತಾಗುತ್ತಾನೆ. ಅದಕ್ಕೆ ಹೊಕ್ಕುಳು ಎಂಬರ್ಥದ ಗ್ರೀಕ್ ಹೆಸರಿಟ್ಟಿದ್ದಾರೆ. ಇದೇ ಊರಿನಲ್ಲಿ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದ ಎ. ಕೆ. ರಾಮಾನುಜನ್ನರ ಕವನಸಂಗ್ರಹ 1969ರಲ್ಲಿ ನಮ್ಮ ಧಾರವಾಡದಲ್ಲೇ ಅಚ್ಚಾಗಿತ್ತು; ಅದರ ಹೆಸರು ‘ಹೊಕ್ಕುಳಲ್ಲಿ ಹೂವಿಲ್ಲ’. ಕತ್ತೆತ್ತಿ ನಿಂತಾಗ ಅದು ನೆನಪಾಗಿ ಒಬ್ಬನೇ ನಕ್ಕೆ. ಮಗಳು ಏನೆಂದು ಕೇಳಿದಳು. ಹೇಳಿದರೆ ಉದ್ದವಾಗುತ್ತದೆಂದು ಬಿಟ್ಟೆ.

ಇನ್ನೊಂದು ಮಾತು. 2022ರ ಮೇ ತಿಂಗಳಲ್ಲಿ ಈ ಗುಂಡಿನ ಹತ್ತಿರ ಒಬ್ಬ ಹುಡುಗನಿಗೆ ಗುಂಡೇಟು ಬಿದ್ದು ಸತ್ತ ಮೇಲೆ, ಗುರುವಾರದಿಂದ ಭಾನುವಾರದವರೆಗೆ ಸಂಜೆ ಆರರ ನಂತರ ಹದಿನೆಂಟರೊಳಗಿನವರು ದೊಡ್ಡವರ ಜೊತೆಗಿಲ್ಲದೆ ಇಲ್ಲಿರಕೂಡದೆಂದು ನಿಯಮ ತಂದರು. ಭಯ ಸುಳ್ಳಲ್ಲ. ಆದರೆ ಎಲ್ಲರದು ಎಂದು ನಕ್ಷೆಯಲ್ಲಿ ಬರೆದ ನೆಲದಲ್ಲಿ, ಎಲ್ಲರನ್ನೂ ತೋರಿಸಲೆಂದೇ ಇಟ್ಟ ಕನ್ನಡಿಯ ಮುಂದಿಂದ ಮಕ್ಕಳನ್ನೇ ಎಬ್ಬಿಸುವುದು ಚಿತ್ರದ ಒಂದು ಮೂಲೆಯನ್ನು ರಬ್ಬರಿನಿಂದ ಅಳಿಸಿದ ಹಾಗೆ.

ಅಲ್ಲಿಂದ ಪಡುವಣಕ್ಕೆ ಕಾಲುಗಂಟೆ ನಡೆದರೆ ಕೋರ್ಟು ಕಚೇರಿಗಳ ಅಂಗಳದಲ್ಲಿ ಪಿಕಾಸೊ ನಿಂತಿದೆ. 50 ಅಡಿ ಎತ್ತರ, 162 ಟನ್ ಉಕ್ಕು. ಅನಾವರಣಗೊಂಡದ್ದು 1967ರ ಆಗಸ್ಟ್ 15. ನಮ್ಮ ಹಬ್ಬದ ದಿನ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಂಗಸೋ, ನಾಯಿಯೋ, ಹಕ್ಕಿಯೋ, ಪಿಕಾಸೊ ಹೇಳಲಿಲ್ಲ, ಹೆಸರನ್ನೂ ಇಡಲಿಲ್ಲ. ಒಂದು ಲಕ್ಷ ಡಾಲರ್ ಕೊಡಲು ಹೋದರೆ ಬೇಡವೆಂದು ಊರಿಗೆ ದಾನ ಕೊಟ್ಟ. ಇದರ ನಕಲಿನ ಹಕ್ಕು ಯಾರದೆಂದು ಕೋರ್ಟಿಗೆ ಹೋಗಿ, ಯಾರದೂ ಅಲ್ಲ, ಸಾರ್ವಜನಿಕರದು ಎಂದು 1970ರಲ್ಲಿ ತೀರ್ಪಾಯಿತು. ಕಪೂರರ ಗುಂಡಿನ ಹಕ್ಕು ಕಪೂರರದೇ. ವ್ಯಾಪಾರಕ್ಕೆ ಬಳಸಬೇಕಾದರೆ ಕೇಳಬೇಕು. ಕಲಾವಿದನ ಹೊಟ್ಟೆಪಾಡು ನನಗೂ ಗೊತ್ತು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೂ ಉಕ್ಕಿನ ಇಳಿಜಾರಿನ ಮೇಲೆ ಹತ್ತಿ ಕುಂಡಿ ಊರಿ ಜಾರುತ್ತಿದ್ದ ಆ ಹುಡುಗರನ್ನು ನೋಡಿದಾಗ, ಪಿಕಾಸೊ ಊರಿಗೆ ಸೇರಿಬಿಟ್ಟಿದ್ದಾನೆ ಅನ್ನಿಸಿತು. ಅದು ನಿಮ್ಮನ್ನು ತೋರಿಸುವುದಿಲ್ಲ. ನೀವೇ ಅದನ್ನು ನೋಡಬೇಕು, ಅರ್ಥವಾಗದಿದ್ದರೆ ಸಿಟ್ಟಾಗಬೇಕು.

ಇದನ್ನೆಲ್ಲ ನಾನು ಅಲ್ಲೇ ಮಗಳಿಗೆ ವಿವರಿಸಿದೆ. ಅವಳು ಕೇಳಿ, ‘ಅಪ್ಪಾ, ನೀವು ಎಲ್ಲಾದಕ್ಕೂ ಮಾರ್ಕು ಹಾಕ್ತೀರಿ ನೋಡ್ರಿ’ ಎಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ.

ತಿನ್ನುವುದರ ಬಗ್ಗೆ ನನಗೆ ಹೇಳುವ ಅಧಿಕಾರ ಕಡಿಮೆ, ಮಾಂಸ ತಿನ್ನುವವನಲ್ಲ. ಷಿಕಾಗೋದವರ ಹೆಮ್ಮೆ ಹಾಟ್ ಡಾಗ್. ಗಸಗಸೆ ಉದುರಿಸಿದ ಬನ್ನಿನಲ್ಲಿ ಸಾಸೇಜು, ಅದರ ಮೇಲೆ ಸಾಸಿವೆಯ ಗೊಜ್ಜು, ಈರುಳ್ಳಿ, ಟೊಮೆಟೊ, ಉಪ್ಪಿನಲ್ಲಿ ನೆನೆದ ಸೌತೆ, ಸಣ್ಣ ಹಸಿಮೆಣಸು. ಕೆಚಪ್ ಕೇಳಿದರೆ ಕೆಂಗಣ್ಣು ಬಿಡುತ್ತಾರೆ. ಮಗಳು ಸಾಸೇಜು ಬಿಟ್ಟು ಉಳಿದದ್ದನ್ನೆಲ್ಲ ಹಾಕಿಸಿ ಕೊಟ್ಟಳು. ಬನ್ನಿನೊಳಗೆ ಕೋಸಂಬರಿ ತಿಂದಂತಾಯಿತು, ಕೆಟ್ಟದ್ದಲ್ಲ. ಇವರ ದಪ್ಪ ಪಿಜ್ಜಾ ಮಾತ್ರ ತಾಳ್ಮೆ ಕಲಿಸುವ ಪದಾರ್ಥ. ಬೇಯಲು ಮುಕ್ಕಾಲು ಗಂಟೆ. ಚೀಸು ಕೆಳಗೆ, ಟೊಮೆಟೊ ಮೇಲೆ. ಕೈಯಲ್ಲಿ ಹಿಡಿಯಲಿಕ್ಕೆ ಬರುವುದಿಲ್ಲ. ಒಂದು ತುಂಡು ತಿಂದು ರಾತ್ರಿ ಉಪವಾಸ ಮಾಡಿದೆ. ನನಗೆ ನಿಜವಾಗಿ ರುಚಿಸಿದ್ದು ಮೆಕ್ಕೆಜೋಳದ ಅರಳು. ಕಾಯಿಸಿದ ಸಕ್ಕರೆಯದೂ ಚೀಸಿನದೂ ಒಂದೇ ಚೀಲದಲ್ಲಿ ಕಲಸಿ ಕೊಡುತ್ತಾರೆ. ಸಿಹಿ ಉಪ್ಪು ಎರಡೂ ಒಂದೇ ತುತ್ತಿಗೆ. ಸಂಜೆ ಗಿರಮಿಟ್ಟಿನ ಜೊತೆ ಫೇಡೆ ಮುರಿದು ತಿನ್ನುವ ನನ್ನಂಥವನಿಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ.

ಸ್ಟೇಟ್ ಸ್ಟ್ರೀಟಿನಲ್ಲಿ ಆ ಮಾರ್ಷಲ್ ಫೀಲ್ಡನ ಅಂಗಡಿ ಈಗಲೂ ಇದೆ, ಹೆಸರು ಮಾತ್ರ ಇಲ್ಲ. 2006ರಲ್ಲಿ ಮೇಸೀಸ್ ಆಯಿತು. ಹೆಸರು ಬದಲಾದಾಗ ಜನ ಬೀದಿಯಲ್ಲಿ ನಿಂತು ಪ್ರತಿಭಟಿಸಿದರಂತೆ, ಅಂಗಡಿಯೊಂದಕ್ಕಾಗಿ. ಮೊದಲು ನನಗೆ ಇದು ಹುಚ್ಚಾಟ ಅನ್ನಿಸಿತ್ತು. ಒಳಗೆ ಹೋಗಿ ಕತ್ತೆತ್ತಿದ ಮೇಲೆ ಅನ್ನಿಸಲಿಲ್ಲ. 1907ರಲ್ಲಿ ಟಿಫನಿ ಮಾಡಿದ ಗಾಜಿನ ಗುಮ್ಮಟ. ಹದಿನಾರು ಲಕ್ಷ ಚೂರುಗಳೆಂದು ಲೆಕ್ಕ. ಕೆಳಗೆ ಅತ್ತರು ಮಾರುತ್ತಾರೆ. ಯಾರೂ ತಿಕೀಟು ಕೇಳುವುದಿಲ್ಲ.

ಅದೇ ಬೀದಿಯಲ್ಲಿ ಮುಂದೆ ಲೂಯಿ ಸಲಿವನ್ ಕಟ್ಟಿದ ಇನ್ನೊಂದು ಅಂಗಡಿ. 1904ರ ಹೊತ್ತಿಗೆ ಮುಗಿದದ್ದು. ಅದರ ಮೂಲೆಯ ಬಾಗಿಲಿನ ಸುತ್ತ ಎರಕದ ಕಬ್ಬಿಣದಲ್ಲಿ ಎಲೆ, ಬಳ್ಳಿ, ಸುರುಳಿ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು ನೋಡಿದವರಿಗೆ ಈ ಕೈ ಗುರುತು ಸಿಗುತ್ತದೆ: ತುಂಬಿದಷ್ಟೂ ಹಗುರಾಗುವ ಕೆತ್ತನೆ. ಹಳೆಯ ಅಂಗಡಿ 2007ರಲ್ಲಿ ಮುಚ್ಚಿತು, 2012ರಿಂದ ಒಳಗೆ ಟಾರ್ಗೆಟ್ ಎಂಬ ಅಗ್ಗದ ಅಂಗಡಿ. ನಾನು ಆ ಕಬ್ಬಿಣದ ಎಲೆಗಳ ಕೆಳಗೆ ಒಳಹೋಗಿ ಹೆಂಡತಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಂಡುಕೊಂಡೆ. ಪಂಡಿತರು ಹಣೆ ಚಚ್ಚಿಕೊಳ್ಳಬಹುದು. ನನಗೆ ಮಾತ್ರ ಬಕೆಟ್ಟು ಕೊಳ್ಳಲು ಬಂದವರೂ ದಾಟಲೇಬೇಕಾದ ಬಾಗಿಲು ಅಷ್ಟು ಚೆಂದ ಇರುವುದು ಗಾಜಿನ ಪೆಟ್ಟಿಗೆಗಿಂತ ಮೇಲು ಅನ್ನಿಸುತ್ತದೆ.

ಕೊನೆಯ ದಿನ ಆರ್ಟ್ ಇನ್‌ಸ್ಟಿಟ್ಯೂಟಿಗೆ ಹೋದೆವು. ಇಲ್ಲಿ ತಿಕೀಟು ಇದೆ, ಮೂವತ್ತು ಡಾಲರಿಗೂ ಮೇಲೆ. ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತನಾಡಿದ್ದು ಇದೇ ಕಟ್ಟಡದಲ್ಲಿ. ಜಿತೀಶ್ ಕಲ್ಲಾಟ್ ಎಂಬ ಮುಂಬಯಿಯ ಕಲಾವಿದ 2010ರಲ್ಲಿ ಆ ಭಾಷಣವನ್ನು ಇಲ್ಲಿಯ ದೊಡ್ಡ ಮೆಟ್ಟಿಲುಗಳ ಮೇಲೆ ದೀಪದ ಅಕ್ಷರಗಳಲ್ಲಿ ಬರೆಸಿದ್ದರು. ಅಮೆರಿಕ ಸರಕಾರ ಭಯೋತ್ಪಾದನೆಯ ಎಚ್ಚರಿಕೆಗೆ ಬಳಸುತ್ತಿದ್ದ ಐದು ಬಣ್ಣಗಳಲ್ಲಿ. ತಾರೀಖು ಒಂದೇ, ಸೆಪ್ಟೆಂಬರ್ 11. ಇಂಥ ವಿಚಾರ ಹೊಳೆದವನಿಗೆ ಕೈಮುಗಿಯಬೇಕು. ನಾನು ಹೋದಾಗ ಅವು ಬರಿ ಮೆಟ್ಟಿಲುಗಳಾಗಿದ್ದವು. ಮಂಡಿನೋವಿನ ಮೇಲೆ ಹತ್ತಿದೆ.

ನಾನು ಬಂದದ್ದು ಸೆರಾನ ಚಿತ್ರಕ್ಕೆ. ‘ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ.’ ಪ್ಯಾರಿಸಿನ ಜನ ರಜೆಯ ಮಧ್ಯಾಹ್ನ ನೀರಿನ ದಂಡೆಗೆ ಬಂದ ಚಿತ್ರ. 1884ರಿಂದ 86ರವರೆಗೆ ಬರೆದು, 1891ರಲ್ಲಿ ಮೂವತ್ತೊಂದರ ಹರೆಯದಲ್ಲಿ ಸೆರಾ ಸತ್ತ. 1958ರಲ್ಲಿ ನ್ಯೂಯಾರ್ಕಿಗೆ ಎರವಲು ಹೋಗಿದ್ದಾಗ ಅಲ್ಲಿ ಬೆಂಕಿ ಬಿದ್ದು ಕೂದಲೆಳೆಯಲ್ಲಿ ಉಳಿಯಿತು. ಅಂದಿನಿಂದ ಹೊರಗೆ ಕಳಿಸುವುದಿಲ್ಲ. ಇದನ್ನು ಮೂವತ್ತನಾಲ್ಕು ವರ್ಷ ನಾನು ಪೋಸ್ಟ್‌ಕಾರ್ಡಿನಷ್ಟು ಚಿತ್ರ ತೋರಿಸಿ ಪಾಠ ಮಾಡಿದ್ದೇನೆ. ‘ಪೂರಾ ಚಿತ್ರ ಚುಕ್ಕಿಯಿಂದಲೇ ಆಗಿದೆ, ಜನ ಸಂತೋಷದಿಂದ ವಿಹಾರ ಮಾಡುತ್ತಿದ್ದಾರೆ’ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ.

ಎರಡೂ ತಪ್ಪು. ಹತ್ತಡಿ ಉದ್ದದ ಚಿತ್ರದ ಮುಂದೆ ನಿಂತರೆ ಗೊತ್ತಾಗುತ್ತದೆ, ಕೆಳಗಿನದೆಲ್ಲ ಗಿಡ್ಡ ಗಿಡ್ಡ ಕುಂಚದ ಗೀರುಗಳು, ಚುಕ್ಕಿ ಆಮೇಲೆ ಮೇಲಿಂದ ಬಿದ್ದದ್ದು. ಹುಲ್ಲಿನಲ್ಲಿ ಅಲ್ಲಲ್ಲಿ ಕಂದು ಚುಕ್ಕಿ. ಅವು ಒಂದು ಕಾಲಕ್ಕೆ ಹೊಳೆಯುವ ಹಳದಿಯಾಗಿದ್ದು, ಬಣ್ಣ ಕೆಟ್ಟು ಹಾಗಾದವು. ಸಂತೋಷವಂತೂ ಎಲ್ಲಿಯೂ ಇಲ್ಲ. ಜನರೆಲ್ಲ ಕಿನ್ನಾಳದ ಗೊಂಬೆಗಳ ಹಾಗೆ ಸೆಟೆದು ನಿಂತಿದ್ದಾರೆ, ಒಬ್ಬರ ಮಾತು ಒಬ್ಬರಿಗೆ ಬೇಡ. ಅರ್ಧ ಜನ ನೆರಳಲ್ಲಿ. ನಟ್ಟನಡುವೆ ಬಿಳಿ ಅಂಗಿಯ ಒಂದು ಸಣ್ಣ ಹುಡುಗಿ ಮಾತ್ರ ನೇರ ನಮ್ಮನ್ನು ನೋಡುತ್ತಿದ್ದಾಳೆ. ಪೋಸ್ಟ್‌ಕಾರ್ಡಿನಲ್ಲಿ ಅವಳಿಗೆ ಕಣ್ಣಿರಲಿಲ್ಲ.

ಎಷ್ಟು ಹೊತ್ತು ನಿಂತೆನೋ. ಮಗಳು ಪಕ್ಕದಲ್ಲಿ ಬಂದು ಮೆಲ್ಲಗೆ ಕೇಳಿದಳು: ‘ಅಪ್ಪಾ, ನನ್ನ ಕೆಲಗೇರಿ ಕೆರೀ ಚಿತ್ರ ನೆನಪದ ಏನ್ರಿ?’

ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಎಂಟನೆಯ ಇಯತ್ತೆಯಲ್ಲಿ ನನ್ನ ಕ್ಲಾಸಿನಲ್ಲೇ ಇದ್ದಳು. ನನ್ನ ಇದೇ ಪಾಠ ಕೇಳಿ ಮೂರು ಸಂಜೆ ಕೂತು ಸ್ಕೆಚ್ ಪೆನ್ನಿನಿಂದ ಕೆರೆ, ಎಮ್ಮೆ, ಗುಡ್ಡ ಎಲ್ಲ ಚುಕ್ಕಿಯಲ್ಲೇ ಮಾಡಿ ತಂದಿದ್ದಳು. ನಾನು ಹೊರರೇಖೆಯ ಮನುಷ್ಯ. ಗೆರೆ ಸರಿಯಿಲ್ಲದ್ದು ಚಿತ್ರವಲ್ಲ ಎಂದು ನಂಬಿದವನು. ಮಗಳೆಂದು ಮೃದುವಾಗಬಾರದೆಂಬ ಇನ್ನೊಂದು ಹಟ ಬೇರೆ. ಇಡೀ ಕ್ಲಾಸಿನ ಮುಂದೆ ಹಾಳೆ ಎತ್ತಿ ಹಿಡಿದು ‘ಇದಕ್ಕ ಚಿತ್ರ ಅನ್ನೂದಿಲ್ಲ, ಮೈಲಿಬ್ಯಾನಿ ಅಂತಾರ’ ಎಂದಿದ್ದೆ. ಹುಡುಗರು ನಕ್ಕರು. ಹತ್ತಕ್ಕೆ ನಾಲ್ಕು ಹಾಕಿದೆ. ಮುಂದಿನ ವರ್ಷ ಅವಳು ಡ್ರಾಯಿಂಗ್ ಬಿಟ್ಟು ಬೇರೆ ವಿಷಯ ತೆಗೆದುಕೊಂಡಳು. ಗಣಿತದಲ್ಲಿ ಹುಷಾರಿದ್ದಾಳೆ, ಒಳ್ಳೆಯದೇ ಆಯಿತು ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೆವು.

‘ನೆನಪದ’ ಎಂದೆ. ‘ನಾ ಪಾಠಾನೂ ತಪ್ಪು ಹೇಳಿದ್ದೆ, ಮಾರ್ಕೂ ತಪ್ಪು ಹಾಕಿದ್ದೆ.’

ಅವಳು ಏನೂ ಅನ್ನಲಿಲ್ಲ. ಕೆಳಗಿನ ಅಂಗಡಿಯಲ್ಲಿ ಆ ಚಿತ್ರದ ಪೋಸ್ಟ್‌ಕಾರ್ಡು ಇತ್ತು, ನಾನು ಕ್ಲಾಸಿನಲ್ಲಿ ಗೋಡೆಗೆ ಚುಚ್ಚಿದ್ದ ಅಳತೆಯದೇ. ಅವಳು ಒಂದು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಹೊರಗೆ ಬಂದು ಆಡಮ್ಸ್ ಬೀದಿಯಲ್ಲಿ ಮೇಲುಸೇತುವೆಯ ರೈಲಿನ ಮೆಟ್ಟಿಲು ಹತ್ತುವಾಗ ಕೇಳಿದೆ: ‘ಆ ಹಾಳಿ ಇಟ್ಟೀಯೇನವಾ?’

‘ಇಲ್ರಿ ಅಪ್ಪಾ. ಅವತ್ತ ಹರದು ಹಾಕಿದೆ’ ಎಂದಳು. ರೈಲು ಬಂತು. 1897ರಿಂದ ಅದೇ ಕಬ್ಬಿಣದ ಕಂಬಗಳ ಮೇಲೆ ಓಡುತ್ತಿರುವ ಆ ರೈಲಿನ ಸದ್ದಿನಲ್ಲಿ ಬೇರೆ ಯಾವ ಮಾತೂ ಕೇಳುವಂತಿರಲಿಲ್ಲ. ಅವಳು ಕಿಟಕಿಯ ಪಕ್ಕ ನನಗೆ ಜಾಗ ಬಿಟ್ಟು ಅರಳಿನ ಚೀಲ ನನ್ನ ಕೈಗೆ ಕೊಟ್ಟಳು.