ಅಂಬಾಸಡರ್ ಚಕ್ರಕ್ಕೆ ಹೊಸ ಬಣ್ಣ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಉಕ್ಕಿನ ಚಕ್ರಗಳು ಮನೆಯಂಗಳದಲ್ಲೇ ಹೊಸ ಕಳೆ ಪಡೆಯಬಲ್ಲವು. ಒತ್ತಿ ರೂಪಿಸಿದ ತಟ್ಟೆಯನ್ನು ರಿಮ್ಮಿಗೆ ಬೆಸೆದ ಈ ಸರಳ, ಗಟ್ಟಿ ರಚನೆ ದಶಕಗಳ ಬಳಿಕವೂ ದುರಸ್ತಿಗೆ ಒಗ್ಗುತ್ತದೆ.

ಮೊದಲು ಟೈರು ಬಿಚ್ಚಿಸಿ ಗ್ರೀಸು, ಮಣ್ಣು ತೊಳೆಯಬೇಕು. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, 80ನೇ ನಂಬರಿನ ಉಪ್ಪುಕಾಗದದಿಂದ ಆರಂಭಿಸಿ 320ರವರೆಗೆ ಉಜ್ಜಿದರೆ ಲೋಹ ನುಣುಪಾಗುತ್ತದೆ. ತುಕ್ಕು ಹೆಚ್ಚಾಗಿ ಅಡಗುವುದು ಬೆಸುಗೆಯ ಸಂದಿಯಲ್ಲಿ. ಕೆಲಸದ ಶ್ರದ್ಧೆ ಗೊತ್ತಾಗುವುದೂ ಅಲ್ಲೇ. ಬಿರುಕು ಬಿಟ್ಟ ಚಕ್ರವನ್ನು ಬಳಸಲೇಬಾರದು.

ಬಳಿಕ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಸಿಂಪಡಿಸಬೇಕು; ದಪ್ಪಗಾದರೆ ಅದು ಇಳಿಯುತ್ತದೆ. ನಟ್ಟು ಕೂರುವ ಇಳಿಜಾರು ಅಂಚಿಗೆ ಬಣ್ಣ ತಾಗಬಾರದು. ಅಲ್ಲಿನ ಪದರ ಅದುಮಿಹೋದರೆ ನಟ್ಟು ಸಡಿಲವಾಗುತ್ತದೆ. ಚಕ್ರ ಜೋಡಿಸಿ ಸ್ವಲ್ಪ ದೂರ ಓಡಿಸಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು.