ದೆವೆಂಟರಿನ ಪಾಠಶಾಲೆಯೂ ಎರಾಸ್ಮಸನ ತೀರ್ಪೂ

ಶಿಷ್ಯನಾದವನು ತಾನು ಓದಿದ ಶಾಲೆಯನ್ನು ಹೊಗಳುವುದು ಲೋಕಾಚಾರ, ತೆಗಳುವುದು ಅಪೂರ್ವ. ತೆಗಳಿದವನು ಲೋಕಪ್ರಸಿದ್ಧನಾಗಿಬಿಟ್ಟರಂತೂ ಆ ಶಾಲೆಯ ಕೀರ್ತಿ ಅಲ್ಲಿಗೆ ಮುಗಿಯಿತು. ಅದರ ಉಪಾಧ್ಯಾಯರು ನೂರು ಸತ್ಕಾರ್ಯಗಳನ್ನು ಮಾಡಿದ್ದರೂ ಆ ಒಂದು ಮಾತೇ ಅವರ ಹಣೆಯ ಬರಹವಾಗಿ ನಿಲ್ಲುತ್ತದೆ. ಲೋಕರೂಢಿಯಲ್ಲಿ ಹಾಲೆಂಡ್ ಎನಿಸಿಕೊಂಡಿರುವ ನೆದರ್ಲೆಂಡ್ಸ್ ದೇಶದ ಪೂರ್ವಭಾಗದಲ್ಲಿ, ಐಸೆಲ್ ನದಿಯ ಬಲದಂಡೆಯ ಮೇಲಿರುವ ದೆವೆಂಟರ್ ಪಟ್ಟಣದ ಲ್ಯಾಟಿನ್ ಪಾಠಶಾಲೆಗೆ ಒದಗಿದ ದಶೆ ಇದೇ. ತೆಗಳಿದವನು ಸಾಮಾನ್ಯನಲ್ಲ, ಯೂರೋಪಿನ ವಿದ್ವನ್ಮಂಡಲಿಗೆ ತನ್ನ ಕಾಲದಲ್ಲಿ ಶಿರೋಮಣಿಯೆನಿಸಿದ್ದ ಎರಾಸ್ಮಸನು. ತನ್ನ ಬಾಲ್ಯವನ್ನು ಕುರಿತ ಸಂಕ್ಷಿಪ್ತ ವೃತ್ತಾಂತವೊಂದರಲ್ಲಿ ಆತನು ಆ ಕಾಲದ ದೆವೆಂಟರ್ ಶಾಲೆಯನ್ನು ಅನಾಗರಿಕವೆಂದು ಕರೆದನು. ಅಂದಿನಿಂದ ಚರಿತ್ರೆಕಾರರಲ್ಲಿ ಅನೇಕರು ಆ ವಿಶೇಷಣವನ್ನು ವಿಚಾರಿಸದೆ ಎತ್ತಿಕೊಂಡು ಬಂದಿರುವರು. ಅದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಪರೀಕ್ಷಿಸಬೇಕಾದರೆ ಮೊದಲು ಆ ಊರನ್ನೇ ಸ್ವಲ್ಪ ಅರಿತುಕೊಳ್ಳಬೇಕು.

ದೆವೆಂಟರನ್ನು ಬೆಳೆಸಿದುದು ನದಿ. ಐಸೆಲ್ ನದಿಯು ರೈನ್ ಮಹಾನದಿಯ ಕವಲು. ಜರ್ಮನಿಯ ದ್ರಾಕ್ಷಾರಸವೂ ಉತ್ತರಸಮುದ್ರದ ಸರಕೂ ಈ ನೀರಿನ ಮೇಲೆಯೇ ಸಂಧಿಸುತ್ತಿದ್ದವು. 768ರ ಸುಮಾರಿನಲ್ಲಿ ಲೆಬುಯಿನಸ್ ಎಂಬ ಆಂಗ್ಲೋ-ಸಾಕ್ಸನ್ ಧರ್ಮಪ್ರಚಾರಕನು ಇಲ್ಲಿ ಒಂದು ಸಣ್ಣ ಪೂಜಾಮಂದಿರವನ್ನು ಕಟ್ಟಿದನು. ಊರು ಅದರ ಸುತ್ತ ಬೆಳೆಯಿತು. ಇಂದಿಗೂ ಅಲ್ಲಿಯ ಮಹಾದೇವಾಲಯವು ಅವನ ಹೆಸರಿನದೇ. ಮುಂದೆ ದೆವೆಂಟರ್ ಹಾನ್ಸಾ ಎಂಬ ವರ್ತಕಪಟ್ಟಣಗಳ ಒಕ್ಕೂಟವನ್ನು ಸೇರಿತು. ವರ್ಷಕ್ಕೆ ಐದು ಜಾತ್ರೆಗಳು ನೆರೆಯುತ್ತಿದ್ದವು. ಇಲ್ಲಿಯ ನಾವಿಕರು ನಾರ್ವೆ ದೇಶದ ಬೆರ್ಗೆನ್ ಬಂದರಿನವರೆಗೂ ಹೋಗಿ ಒಣಮೀನನ್ನು ತರುತ್ತಿದ್ದರು. ಬ್ರಿಂಕ್ ಎಂಬ ಪೇಟೆಯ ಚೌಕದಲ್ಲಿ 1528ರಲ್ಲಿ ಕಟ್ಟಿದ ತೂಕದ ಮನೆಯು ಇನ್ನೂ ನಿಂತಿದೆ. ಅದರ ಗೋಡೆಗೆ ಒಂದು ತಾಮ್ರದ ಕೊಪ್ಪರಿಗೆಯನ್ನು ತೂಗುಹಾಕಿದ್ದಾರೆ. ಖೋಟಾ ನಾಣ್ಯ ಟಂಕಿಸಿದವನನ್ನು ಹದಿನೈದನೆಯ ಶತಮಾನದಲ್ಲಿ ಬೇಯಿಸಿದ ಕೊಪ್ಪರಿಗೆ ಅದೆಂದು ಹೇಳುವರು. ವರ್ತಕರ ಊರಿನಲ್ಲಿ ಸುಳ್ಳುನಾಣ್ಯಕ್ಕಿಂತ ದೊಡ್ಡ ಪಾಪವಿಲ್ಲವಷ್ಟೆ!

ಇಂತಹ ಊರಿಗೆ ಲ್ಯಾಟಿನ್ ಶಾಲೆಯು ಅಲಂಕಾರವಾಗಿರಲಿಲ್ಲ, ಆವಶ್ಯಕವಾಗಿತ್ತು. ಕರಾರುಪತ್ರ, ನ್ಯಾಯಪತ್ರ, ದೂರದೇಶದ ಕಾಗದ ಎಲ್ಲಕ್ಕೂ ಲ್ಯಾಟಿನ್ ಬಲ್ಲವರು ಬೇಕಾಗಿದ್ದರು. ಲೆಬುಯಿನಸ್ ದೇವಾಲಯದ ಪಾದ್ರಿಮಂಡಲಿಗೆ ಸೇರಿದ ಶಾಲೆಯು ಹೀಗೆ ಊರಿನ ಶಾಲೆಯೂ ಆಯಿತು. ನದಿಯು ಸರಕನ್ನು ತಂದಂತೆ ಹುಡುಗರನ್ನೂ ತಂದಿತು. ಹೊರದೇಶದ ವಿದ್ಯಾರ್ಥಿಗಳ ಹುಟ್ಟೂರುಗಳಲ್ಲಿ ಹೆಚ್ಚಿನವು ರೈನ್ ಪ್ರಾಂತದಲ್ಲಿ, ಅದರ ಉಪನದಿಗಳ ದಂಡೆಯಲ್ಲಿ, ವೆಸ್ಟ್‌ಫಾಲಿಯದಲ್ಲಿ ಕಾಣಬರುವುವು.

ಈ ವರ್ತಕರ ಊರಿನಲ್ಲಿಯೇ 1340ರಲ್ಲಿ ಗೇರ್ಟ್ ಗ್ರೋಟೆಯು ಹುಟ್ಟಿದನು. ತಂದೆ ಶ್ರೀಮಂತನಾದ ಬಟ್ಟೆಯ ವರ್ತಕ, ಊರಿನ ಅಧಿಕಾರಿಗಳಲ್ಲೊಬ್ಬ. 1350ರ ಮಹಾಮಾರಿಯಲ್ಲಿ ತಾಯಿತಂದೆಗಳಿಬ್ಬರೂ ತೀರಿಕೊಂಡರು. ಹುಡುಗನು ಪ್ಯಾರಿಸಿಗೆ ಹೋಗಿ ಪಂಡಿತಪದವಿಯನ್ನು ಪಡೆದನು. ಕೆಲವು ವರ್ಷ ಸುಖವಾಗಿಯೇ ಬಾಳಿದನು. ಆ ಬಳಿಕ ವೈರಾಗ್ಯ ಹುಟ್ಟಿತು. 1374ರಲ್ಲಿ ತನ್ನ ಮನೆಯನ್ನು ಬಡವರಾದ ಭಕ್ತೆಯರ ವಾಸಕ್ಕೆ ಬಿಟ್ಟುಕೊಟ್ಟನು. ಊರೂರು ತಿರುಗಿ ಜನರಾಡುವ ಮಾತಿನಲ್ಲಿಯೇ ಉಪದೇಶಮಾಡಿದನು. ಪಾದ್ರಿಗಳ ದುರಾಚಾರವನ್ನು ಖಂಡಿಸಿದುದರಿಂದ 1383ರಲ್ಲಿ ಉಪದೇಶದ ಅಪ್ಪಣೆ ರದ್ದಾಯಿತು. ಮರುವರ್ಷ ಮಹಾಮಾರಿಯೇ ಅವನನ್ನೂ ಕೊಂಡೊಯ್ದಿತು. ಅವನ ಶಿಷ್ಯನಾದ ಫ್ಲೋರೆನ್ಸ್ ರಾದೆವೈನ್ಸನ ಸುತ್ತ ನೆರೆದವರು ಸಾಮಾನ್ಯಜೀವನದ ಸೋದರರೆಂಬ ಹೆಸರನ್ನು ಪಡೆದರು. ಅವರು ಸಂನ್ಯಾಸದೀಕ್ಷೆಯ ವ್ರತಗಳನ್ನು ಸ್ವೀಕರಿಸಲಿಲ್ಲ, ಭಿಕ್ಷೆಯನ್ನೂ ಬೇಡಲಿಲ್ಲ. ಗ್ರಂಥಗಳನ್ನು ಪ್ರತಿಮಾಡಿ ಬಂದ ಹಣದಿಂದ ಒಂದೇ ಮನೆಯಲ್ಲಿ ಕೂಡಿ ಬಾಳಿದರು. ‘ಕ್ರಿಸ್ತಾನುಕರಣ’ವೆಂಬ ಲೋಕವಿಖ್ಯಾತ ಗ್ರಂಥದ ಕರ್ತೃವೆಂದು ಪರಿಗಣಿತನಾದ ಥಾಮಸ್ ಆ ಕೆಂಪಿಸನು ಬಾಲ್ಯದಲ್ಲಿ ದೆವೆಂಟರಿಗೆ ಓದಲು ಬಂದು ಈ ರಾದೆವೈನ್ಸನ ಆಶ್ರಯವನ್ನೇ ಪಡೆದವನು.

ಇಲ್ಲಿ ಒಂದು ಭ್ರಾಂತಿಯನ್ನು ಮೊದಲೇ ನಿವಾರಿಸಬೇಕಾಗಿದೆ. ದೆವೆಂಟರಿನ ಪಾಠಶಾಲೆ ಸೋದರರದೇ ಎಂದೂ, ಎರಾಸ್ಮಸನು ಅವರ ಶಿಷ್ಯನೆಂದೂ, ಆದುದರಿಂದ ಅವನ ತೆಗಳಿಕೆ ಅವರಿಗೇ ಸಲ್ಲಬೇಕೆಂದೂ ಸುಲಭಗ್ರಂಥಗಳಲ್ಲಿ ಬರೆದಿರುತ್ತದೆ. ಆಲ್ಬರ್ಟ್ ಹೈಮಾ ಎಂಬ ಪಂಡಿತನು 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಕಾಲದ ವಿದ್ಯಾಭ್ಯುದಯಕ್ಕೆಲ್ಲ ಈ ಸೋದರರೇ ಮೂಲವೆಂಬಷ್ಟು ದೂರ ಹೋದನು. 1968ರಲ್ಲಿ ಪೋಸ್ಟ್ ಎಂಬ ಡಚ್ ಚರಿತ್ರೆಕಾರನು ದಾಖಲೆಗಳನ್ನು ಒಂದೊಂದಾಗಿ ಶೋಧಿಸಿ ಈ ಹೊಗಳಿಕೆಯನ್ನು ಬಹಳಮಟ್ಟಿಗೆ ಇಳಿಸಿದನು. ಸೋದರರು ಮುಖ್ಯವಾಗಿ ನಡೆಸಿದುದು ವಿದ್ಯಾರ್ಥಿಗಳ ವಸತಿಯನ್ನು. ಶಾಲೆಯ ಒಡೆತನ ಅವರದಾಗಿರಲಿಲ್ಲ. ಪೋಸ್ಟನ ಮಾತು ಶುಷ್ಕವಾದರೂ ಪ್ರಮಾಣಬಲ ಅವನ ಕಡೆಗೇ ಇದೆ. ಆದರೂ ಅವನು ಕೆಲವೆಡೆ ಅತಿಜಿಪುಣನಾಗಿರುವನೆಂದು ತೋರುತ್ತದೆ. ಹುಡುಗನು ಹಗಲು ಕಲಿತುದನ್ನು ರಾತ್ರಿ ಎಲ್ಲಿ, ಯಾರ ನಡುವೆ ಕುಳಿತು ಚಿಂತಿಸುವನೆಂಬುದೂ ವಿದ್ಯೆಯ ಒಂದು ಭಾಗವೇ ಅಲ್ಲವೆ? ಅಲ್ಲದೆ ಸಿಂಥೆನನೆಂಬ ಸೋದರನು ಶಾಲೆಯಲ್ಲಿಯೇ ಪಾಠಹೇಳುತ್ತಿದ್ದನು.

ಇನ್ನು ಎರಾಸ್ಮಸನ ಸಾಕ್ಷ್ಯ. ಆತನು ತಾಯಿಯೊಡನೆ ದೆವೆಂಟರಿಗೆ ಬಂದು ಹಲವು ವರ್ಷ ಓದಿದನು. ಎಂಟನೆಯದು ಎಲ್ಲಕ್ಕೂ ಕೆಳಗಿನ ತರಗತಿಯಾಗಿ, ಒಂದನೆಯದು ಮೇಲಿನದಾಗಿದ್ದ ಆ ಶಾಲೆಯಲ್ಲಿ ಮೂರನೆಯದರವರೆಗೆ ಏರಿದನು. ಅಷ್ಟರಲ್ಲಿ ಮಹಾಮಾರಿ ತಾಯಿಯನ್ನು ಕೊಂದಿತು. ವಾಸವಿದ್ದ ಮನೆ ಹಾಳಾಯಿತು. ಬಾಲಕನು ಊರು ಬಿಟ್ಟನು. ಇದು 1484ರ ಸುಮಾರು. ತಂದೆಯೂ ಬಲುಬೇಗನೆ ತೀರಿಕೊಂಡನು. ಆಮೇಲೆ ಪೋಷಕರು ಅವನನ್ನು ಸೆರ್ಟೋಗೆನ್‌ಬಾಸ್ ಎಂಬ ಊರಿಗೆ ಕಳುಹಿಸಿದರು. ಅಲ್ಲಿ ಅವನಿದ್ದುದು ನಿಜವಾಗಿಯೂ ಸೋದರರ ಮನೆಯಲ್ಲಿ. ಹುಡುಗರನ್ನು ಬೆದರಿಸಿ, ಹೊಡೆದು, ಮನಸ್ಸು ಮುರಿದು ಮಠಕ್ಕೆ ನೂಕುವರೆಂದು ಆತನು ಮುಂದೆ ಕಹಿಯಾಗಿ ಬರೆದುದು ಈ ಎರಡನೆಯ ಸ್ಥಳದ ಅನುಭವದಿಂದ. ಒಂದೂರಿನ ದೋಷವನ್ನು ಇನ್ನೊಂದೂರಿನ ತಲೆಗೆ ಕಟ್ಟುವುದು ವಿಮರ್ಶೆಯಲ್ಲ.

ದೆವೆಂಟರನ್ನು ಕುರಿತ ದೂರು ಬೇರೆ ತರದ್ದು, ಅದು ಪಠ್ಯಕ್ಕೆ ಸಂಬಂಧಿಸಿದುದು. ಎಬೆರಾರ್ಡನ ಮತ್ತು ಗಾರ್ಲೆಂಡಿನ ಜಾನನ ಹಳೆಯ ವ್ಯಾಕರಣಗಳನ್ನು ಅಲ್ಲಿ ಪಾಠಹೇಳುತ್ತಿದ್ದರು, ವಿಭಕ್ತಿಗಳನ್ನೂ ಕಾಲರೂಪಗಳನ್ನೂ ಒಪ್ಪಿಸಿಕೊಳ್ಳುತ್ತಿದ್ದರು ಎಂಬುದೇ ಆ ಅನಾಗರಿಕತೆ. ಆ ಕಾಲದ ಶಾಲೆಗಳನ್ನೆಲ್ಲ ಆಳುತ್ತಿದ್ದ ಇನ್ನೊಂದು ಗ್ರಂಥ ವಿಲ್ಲೆದ್ಯೂ ಊರಿನ ಅಲೆಕ್ಸಾಂಡರನು 1199ರ ಸುಮಾರಿನಲ್ಲಿ ರಚಿಸಿದ ‘ದೊಕ್ತ್ರಿನಾಲೆ’. ವ್ಯಾಕರಣವನ್ನೆಲ್ಲ ಎರಡೂವರೆ ಸಾವಿರಕ್ಕೂ ಮಿಕ್ಕ ಪದ್ಯಪಂಕ್ತಿಗಳಲ್ಲಿ ಅಡಕಮಾಡಿದ ಕೃತಿ ಅದು. ಪುಸ್ತಕವೊಂದಕ್ಕೆ ಚರ್ಮದ ಹಾಳೆಯೂ ಲಿಪಿಕಾರನ ತಿಂಗಳುಗಳೂ ಬೇಕಾಗಿದ್ದ ಕಾಲದಲ್ಲಿ, ಬಾಲಕನ ಬಾಯಿಯೇ ಪುಸ್ತಕವಾಗಬೇಕಾಗಿತ್ತು. ಛಂದಸ್ಸು ಅದಕ್ಕೆ ಹೊಲಿಗೆ. ಅಮರಕೋಶವನ್ನು ಬಾಯಿಪಾಠಮಾಡಿದವರಿಗೆ ಈ ಪದ್ಧತಿಯ ಗುಣವನ್ನಾಗಲಿ ಶ್ರಮವನ್ನಾಗಲಿ ಬಿಡಿಸಿ ಹೇಳಬೇಕಾಗಿಲ್ಲ.

ಎರಾಸ್ಮಸನ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಭಾಷೆಯ ಲಕ್ಷಣವನ್ನು ಕಲಿಸುವ ಗ್ರಂಥವೇ ಆ ಭಾಷೆಯ ಮಹಾಕವಿಗಳ ಶೈಲಿಗೆ ದೂರವಾಗಿದ್ದರೆ, ಹುಡುಗನು ನಿಯಮವನ್ನು ಬಲ್ಲವನಾಗಿಯೂ ಭಾಷೆಯನ್ನು ಅರಿಯದವನಾಗುತ್ತಾನೆ. ಸಿಸೆರೋ, ವರ್ಜಿಲ್ ಮೊದಲಾದವರನ್ನು ಮೊದಲು ಓದಿಸಿ, ನಿಯಮಗಳನ್ನು ಸ್ವಲ್ಪವಾಗಿ, ಬೇಕಾದಂತೆ ಕಲಿಸಬೇಕೆಂಬ ಆತನ ಅಭಿಪ್ರಾಯ ಸಾಧುವಾದುದು. 1529ರಲ್ಲಿ ಪ್ರಕಟವಾದ ಬಾಲಶಿಕ್ಷಣದ ಗ್ರಂಥದಲ್ಲಿ ಬೆತ್ತದ ಉಪಾಧ್ಯಾಯರನ್ನು ಆತನು ಖಂಡಿಸಿರುವ ರೀತಿಯನ್ನು ಯಾವ ಕಾಲದ ಉಪಾಧ್ಯಾಯನು ಓದಿದರೂ ತಲೆ ತಗ್ಗಿಸಬೇಕು.

ಆದರೆ ಮೂಲಗ್ರಂಥವನ್ನು ನೋಡಿ ಪಾಠವನ್ನು ನಿರ್ಣಯಿಸುವುದು ದೊಡ್ಡ ದೋಷ. ಸೂತ್ರ ಒಂದೇ ಇದ್ದರೂ ವ್ಯಾಖ್ಯಾನ ಬದಲಾದರೆ ಶಾಸ್ತ್ರವೇ ಬದಲಾಗುತ್ತದೆ. ದೆವೆಂಟರಿನಲ್ಲಿ ನಡೆದುದು ಅಕ್ಷರಶಃ ಇದೇ. ವೆಸ್ಟ್‌ಫಾಲಿಯದ ಹೇಕ್ ಊರಿನವನಾದ ಅಲೆಕ್ಸಾಂಡರ್ ಹೇಗಿಯಸನು, ವೇಸೆಲ್ ಮತ್ತು ಎಮ್ಮೆರಿಖ್ ಊರುಗಳಲ್ಲಿ ಮುಖ್ಯೋಪಾಧ್ಯಾಯನಾಗಿದ್ದು, 1483ರಲ್ಲಿ ಇಲ್ಲಿಯ ಶಾಲೆಯ ಭಾರವನ್ನು ವಹಿಸಿದನು. ವಯಸ್ಸಿನಲ್ಲಿ ತನಗಿಂತ ಚಿಕ್ಕವನಾದ ಅಗ್ರಿಕೋಲನಿಂದ ಗ್ರೀಕ್ ಕಲಿಯಲು ಸಂಕೋಚಪಡದ ಮನುಷ್ಯ ಅವನು. ವ್ಯಾಕರಣವನ್ನು ತರ್ಕದ ಕಾಡಿಗೆ ಕೊಂಡೊಯ್ಯುತ್ತಿದ್ದ ಪಂಡಿತರ ವಿರುದ್ಧ ಖಂಡನಗ್ರಂಥವನ್ನು ಬರೆದನು. ಗ್ರೀಕ್ ಭಾಷೆ ಏತಕ್ಕೆ ಬೇಕೆಂಬುದನ್ನು ಕುರಿತೂ ಬರೆದನು. ಅವನೂ ಸಿಂಥೆನನೂ ದೊಕ್ತ್ರಿನಾಲೆಯನ್ನು ಒಮ್ಮೆಗೇ ಹೊರಗೆ ಎಸೆಯಲಿಲ್ಲ. ಅದಕ್ಕೆ ಹೊಸ ವ್ಯಾಖ್ಯಾನಗಳನ್ನು ರಚಿಸಿ, ಹಳೆಯ ಪದ್ಯದ ಕೆಳಗೆ ಪ್ರಾಚೀನ ಕವಿಗಳ ಪ್ರಯೋಗಗಳನ್ನು ತಂದು ನಿಲ್ಲಿಸಿದರು. ಇಡೀ ಊರಿನ ಮನೆಗಳಲ್ಲಿ ರೂಢಿಯಾಗಿದ್ದ ಪುಸ್ತಕವನ್ನು ಒಂದೇ ದಿನದಲ್ಲಿ ಕಿತ್ತುಹಾಕುವ ಸ್ವಾತಂತ್ರ್ಯ ಸ್ವತಂತ್ರ ಪಂಡಿತನಿಗೆ ಇರಬಹುದು. ಸಂಬಳದ ಉಪಾಧ್ಯಾಯನಿಗೆ ಎಲ್ಲಿಯದು?

ಇದರ ಜತೆಗೆ ಮುದ್ರಣಾಲಯದ ಮಾತನ್ನೂ ಸೇರಿಸಬೇಕು. ಕೊಲೋನಿನಿಂದ ಬಂದ ರಿಚರ್ಡ್ ಪಾಫ್ರಾಟನು 1477ರಲ್ಲಿ ಇಲ್ಲಿ ಅಚ್ಚಿನ ಕೆಲಸವನ್ನು ಆರಂಭಿಸಿದನು. 1485ರಿಂದ ಯಾಕೋಬ್ ವಾನ್ ಬ್ರೇದಾ ಎಂಬವನೂ ಸ್ಪರ್ಧೆಗೆ ನಿಂತನು. ರಾಜಧಾನಿಯಲ್ಲದ, ವಿಶ್ವವಿದ್ಯಾನಿಲಯವಿಲ್ಲದ ಈ ನದೀತೀರದ ಊರು ಆ ಶತಮಾನದ ಕೊನೆಯ ಹೊತ್ತಿಗೆ ಆ ನಾಡಿನ ಪ್ರಧಾನ ಮುದ್ರಣಸ್ಥಾನಗಳಲ್ಲಿ ಒಂದಾಯಿತು. ಅಚ್ಚಾದುದರಲ್ಲಿ ಹೆಚ್ಚಿನ ಪಾಲು ಶಾಲೆಯ ಪುಸ್ತಕ. ಅನಾಗರಿಕವಾದ ಶಾಲೆಯೊಂದು ಎರಡು ಅಚ್ಚುಕೂಟಗಳಿಗೆ ಅನ್ನ ಹಾಕಲಾರದು.

ಈಗ ಕಾಲಗಣನೆಯನ್ನು ನೋಡಬೇಕು. ಹೇಗಿಯಸನು 1474ರಲ್ಲಿಯೇ ಬಂದನೆಂದು ಹಿಂದಿನವರು ನಂಬಿದ್ದರು. 1483 ಎಂಬುದು ಈಗ ಅಂಗೀಕೃತವಾಗಿದೆ. ಎರಾಸ್ಮಸನು 1484ರ ಸುಮಾರಿನಲ್ಲಿ ಹೊರಟುಹೋದನು. ಅಂದರೆ ಗುರುಶಿಷ್ಯರು ಒಂದೇ ಸೂರಿನ ಕೆಳಗೆ ಇದ್ದುದು ಹೆಚ್ಚೆಂದರೆ ಒಂದು ವರ್ಷದಷ್ಟು. ಹೇಗಿಯಸನು ಎಲ್ಲ ತರಗತಿಗಳಿಗೂ ಸೇರಿಸಿ ಪಾಠಹೇಳುತ್ತಿದ್ದ ಹಬ್ಬದ ದಿನಗಳಲ್ಲಿ ಮಾತ್ರ ತಾನು ಅವನನ್ನು ಕೇಳಿದೆನೆಂದು ಎರಾಸ್ಮಸನೇ ಹೇಳಿರುವನು. ಅವನೂ ಸಿಂಥೆನನೂ ಉತ್ತಮ ಸಾಹಿತ್ಯವನ್ನು ತರಲು ಆರಂಭಿಸಿದ್ದರೆಂಬುದನ್ನೂ ಮುಚ್ಚಿಟ್ಟಿಲ್ಲ. ಹೀಗಿರಲು ಆತನ ದೂರು ಸುಳ್ಳಲ್ಲ. ಜೀರ್ಣೋದ್ಧಾರ ಮೊದಲಾದ ದಿನವೇ ಮನೆಯನ್ನು ಬಿಟ್ಟವನ ಸಾಕ್ಷ್ಯ ಅದು. ಅದನ್ನು ಮನೆಯ ಇಡೀ ಚರಿತ್ರೆಗೆ ಅನ್ವಯಿಸಿದವರದು ತಪ್ಪು. ಈ ವೃತ್ತಾಂತವು 1524ರಲ್ಲಿ ಗೆಳೆಯನೊಬ್ಬನಿಗೆ ಕಳುಹಿಸಿದುದೆಂದು ಪ್ರತೀತಿ. ಅಚ್ಚಾದುದು 1607ರಲ್ಲಿ, ಅದು ಅವನದೇ ಹೌದೆ ಎಂದು ಸಂಶಯಪಟ್ಟ ಪಂಡಿತರೂ ಇದ್ದಾರೆ. ಅವನದೇ ಎಂದು ಒಪ್ಪಿಕೊಂಡರೂ ನಿರ್ಣಯ ಬದಲಾಗದು.

ನಿಜವಾಗಿ ಆಕ್ಷೇಪಾರ್ಹವಾದುದು ಬೇರೊಂದು ಮಾತು. ಎರಾಸ್ಮಸನ ‘ಅದಾಜಿಯಾ’ ಎಂಬ ಸೂಕ್ತಿಸಂಗ್ರಹವು 1500ರಲ್ಲಿ ಮೊದಲು ಅಚ್ಚಾಗಿ ಮುಂದೆ ಬೆಳೆಯುತ್ತ ಹೋಯಿತು. ಅದರಲ್ಲಿ ಹೇಗಿಯಸನನ್ನು ತನ್ನ ಗುರುವೆಂದು ಮನಸಾರೆ ಹೊಗಳಿ, ಅವನಿಗೆ ಮಗನ ಋಣವೂ ಅವನ ಗುರುವಾದ ಅಗ್ರಿಕೋಲನಿಗೆ ಮೊಮ್ಮಗನ ಪ್ರೀತಿಯೂ ಸಲ್ಲತಕ್ಕದ್ದೆಂಬ ಅರ್ಥ ಬರುವಂತೆ ಬರೆದಿರುವನು. ಗುರುಪರಂಪರೆಯನ್ನು ವಂಶವೃಕ್ಷದಂತೆ ಕಂಡ ಈ ಭಾವನೆ ರಮಣೀಯವಾದುದು. ಆದರೆ 1523ರಲ್ಲಿ, ಹುಟೆನ್ನನೊಡನೆ ನಡೆದ ಕಲಹದ ಮಧ್ಯೆ ಬರೆದ ‘ಸ್ಪೋಂಜಿಯಾ’ ಎಂಬ ಪುಸ್ತಕದಲ್ಲಿ, ಇತರರಿಗೆ ಸಲ್ಲುವ ಕೀರ್ತಿಯನ್ನು ತಾನು ಕೊಡುತ್ತಿಲ್ಲವೆಂಬ ಆರೋಪಕ್ಕೆ ಉತ್ತರಕೊಡುತ್ತ, ತಾನು ಅತ್ಯಲ್ಪವಾಗಿ ಋಣಿಯಾದ ಅಗ್ರಿಕೋಲ, ಹೇಗಿಯಸರನ್ನೂ ತಾನು ಹೊಗಳಿಲ್ಲವೆ ಎಂದು ಕೇಳುತ್ತಾನೆ. ಲೆಕ್ಕದ ದೃಷ್ಟಿಯಿಂದ ಈ ಮಾತು ನಿಜವಿರಬಹುದು. ಕೇಳಿದ ಪಾಠ ಕೆಲವೇ ದಿನಗಳದು. ಅಗ್ರಿಕೋಲನನ್ನು ಬಾಲ್ಯದಲ್ಲಿ ಕಣ್ಣಿಂದ ಕಂಡುದೇ ದೊಡ್ಡದು. ಆದರೂ ಮಗನ ಋಣವೆಂದು ಒಮ್ಮೆ ಬರೆದವನು ಅದನ್ನೇ ಮುಂದೆ ದಾನವೆಂದು ಎಣಿಸಿ ತೋರಿಸಿದುದು ಶೋಭಿಸುವುದಿಲ್ಲ. ಪಂಡಿತರ ಜಗಳದಲ್ಲಿ ಮೊದಲು ಸಾಯುವವರು ಸತ್ತುಹೋದ ಗುರುಗಳು.

ಎರಾಸ್ಮಸನ ಸಾಕ್ಷ್ಯಕ್ಕೆ ಪ್ರತಿಸಾಕ್ಷಿಯಾಗಿ ಯೋಹಾನೆಸ್ ಬುಟ್ಸ್‌ಬಾಖನನ್ನು ಕರೆಯಬೇಕು. ಅವನ ಹೆಸರನ್ನು ಕೇಳಿದವರು ಕಡಮೆ. ಮೈನ್ ನದಿಯ ದಂಡೆಯ ಮಿಲ್ಟೆನ್‌ಬೆರ್ಗ್ ಊರಿನಲ್ಲಿ 1477ರಲ್ಲಿ ಹುಟ್ಟಿದವನು. ದರ್ಜಿಯ ಕಸುಬನ್ನು ಕಲಿತವನು. ಓದಬೇಕೆಂಬ ಹಂಬಲದಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ, 1498ರಲ್ಲಿ, ದೆವೆಂಟರಿಗೆ ಬಂದು ಮೀಸೆ ಮೂಡಿದವನಾಗಿಯೂ ಚಿಕ್ಕ ಹುಡುಗರ ನಡುವೆ ಕೆಳಗಿನ ತರಗತಿಯಲ್ಲಿ ಕುಳಿತನು. ಎರಡು ವರ್ಷದಲ್ಲಿ ಮಠವೊಂದನ್ನು ಸೇರುವಷ್ಟು ವಿದ್ಯೆಯನ್ನು ಸಂಪಾದಿಸಿ ಲಾಖ್‌ಗೆ ಹೊರಟುಹೋದನು. 1506ರಲ್ಲಿ ತನ್ನ ಅಲೆದಾಟದ ಕಥೆಯನ್ನು ಲ್ಯಾಟಿನಿನಲ್ಲಿಯೇ ಬರೆದನು. ಪ್ರತಿಭಾವಂತನಾದ ಹುಡುಗನಿಗೆ ಶಾಲೆ ಏನು ಮಾಡಲಿಲ್ಲವೆಂಬುದನ್ನು ಎರಾಸ್ಮಸನು ಹೇಳುತ್ತಾನೆ. ಸೂಜಿಹಿಡಿದ ಕೈಗೆ ಅದೇ ಶಾಲೆ ಲೇಖನಿಯನ್ನು ಕೊಟ್ಟಿತೆಂಬುದಕ್ಕೆ ಈ ಬಡವನ ಪುಸ್ತಕವೇ ನಿದರ್ಶನ. ಶಾಲೆಯನ್ನು ಅಳೆಯುವಾಗ ಇವೆರಡರಲ್ಲಿ ಎರಡನೆಯ ಸಾಕ್ಷ್ಯಕ್ಕೇ ಬೆಲೆ ಹೆಚ್ಚು. ಎರಾಸ್ಮಸನಂಥವನು ಯಾವ ಶಾಲೆಯಲ್ಲಿ ಓದಿದ್ದರೂ ಎರಾಸ್ಮಸನೇ ಆಗುತ್ತಿದ್ದನು.

ಬುಟ್ಸ್‌ಬಾಖನು ಬಂದ ವರ್ಷದ ಕೊನೆಯಲ್ಲಿ, 1498ರ ಡಿಸೆಂಬರಿನಲ್ಲಿ, ಹೇಗಿಯಸನು ತೀರಿಕೊಂಡನು. ಪುಸ್ತಕಗಳೂ ಉಟ್ಟ ಬಟ್ಟೆಗಳೂ ಅಲ್ಲದೆ ಬೇರೆ ಆಸ್ತಿ ಇರಲಿಲ್ಲವೆಂದು ಪ್ರಸಿದ್ಧಿ. ಐಸೆಲಿನ ಮುಖದಲ್ಲಿ ಹೂಳು ತುಂಬಿ ವ್ಯಾಪಾರ ಕ್ರಮೇಣ ಇಳಿಯಿತು. ಆದರೂ ಪುಸ್ತಕದ ಅಭಿಮಾನ ಊರನ್ನು ಬಿಡಲಿಲ್ಲ. 1560ರಲ್ಲಿ ಊರಿನ ಅಧಿಕಾರಿಗಳು ಪಾದ್ರಿ ಫೋಕೋನಿಯಸನ ಗ್ರಂಥಗಳನ್ನು ಕೊಂಡು ಸ್ಥಾಪಿಸಿದ ಭಂಡಾರ ಇಂದಿಗೂ ಇದೆ. ಆಗಸ್ಟ್ ತಿಂಗಳ ಮೊದಲನೆಯ ಭಾನುವಾರ ಊರ ಬೀದಿಗಳಲ್ಲಿ ಹಳೆಯ ಪುಸ್ತಕಗಳ ದೊಡ್ಡ ಸಂತೆ ನೆರೆಯುತ್ತದೆ.

ಹೇಗಿಯಸನು ಬದುಕಿರುವಾಗ ತನ್ನ ಪದ್ಯಗಳ ಸಂಗ್ರಹವನ್ನು ಅಚ್ಚುಮಾಡಿಸಲಿಲ್ಲ. 1503ರಲ್ಲಿ ಅದೇ ಪಾಫ್ರಾಟನ ಅಚ್ಚುಕೂಟದಿಂದ ಅವು ಹೊರಬಂದವು. ದೆವೆಂಟರಿನಲ್ಲಿ ಉಪಾಧ್ಯಾಯನಾಗಿದ್ದ ಯಾಕೋಬ್ ಫಾಬರನು ಅವುಗಳನ್ನು ಕೂಡಿಸಿ, ಆ ಪುಸ್ತಕವನ್ನು ಎರಾಸ್ಮಸನಿಗೆ ಅರ್ಪಿಸಿದನು.