'ಗೊಲ್ಗೊಥಾ' ಮತ್ತು ಯಾತನೆಯ ಅನಿವಾರ್ಯತೆಯ ಪ್ರಶ್ನೆ

ಮಂಜೇಶ್ವರದ ಎಂ. ಗೋವಿಂದ ಪೈ (1883–1963) ಅವರ ಖಂಡಕಾವ್ಯಗಳಲ್ಲಿ 'ಗೊಲ್ಗೊಥಾ' ಯೇಸುವಿನ ಕೊನೆಯ ದಿನವನ್ನೂ 'ವೈಶಾಖಿ' ಬುದ್ಧನ ಕೊನೆಯ ದಿನವನ್ನೂ ವಸ್ತುವಾಗುಳ್ಳವು. ಎರಡನ್ನೂ ಜೊತೆಯಾಗಿಟ್ಟು ಓದಿದಾಗ ಆತ್ಮೋನ್ನತಿಗೆ ಯಾತನೆ ಅನಿವಾರ್ಯವೇ ಎಂಬ ಪ್ರಶ್ನೆ ಏಳುತ್ತದೆ. ಬುದ್ಧನು ಉಗ್ರ ದೇಹದಂಡನೆಯನ್ನು ತೊರೆದ ಮೇಲೆಯೇ ಬೋಧಿಯನ್ನು ಪಡೆದವನು. ಯೇಸುವಿನದು ರೋಮನ್ ಆಳ್ವಿಕೆ ವಿಧಿಸಿದ ವಧೆ. ಆದರೆ ಆತನೂ ಯಾತನೆಯನ್ನು ಅರಸಿದವನಲ್ಲ. ಗೆತ್ಸೇಮನೆಯಲ್ಲಿ ಆ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಂಡುದನ್ನು ಸುವಾರ್ತೆಗಳೇ ಹೇಳುತ್ತವೆ. ತನ್ನ ಬಳಿಗೆ ಬಂದ ರೋಗಿಗಳಿಗೆ ಆತ ಸಹನೆಯನ್ನು ಬೋಧಿಸಿ ಕಳುಹಿಸಲಿಲ್ಲ, ಗುಣಪಡಿಸಿದ. ಸಂಕಟದಿಂದ ತಾಳ್ಮೆ ಹುಟ್ಟುವುದೆಂಬ ಪೌಲನ ಮಾತು ಸಂಕಟಕ್ಕೆ ಸಿಲುಕಿದವರಿಗೆ ಹೇಳಿದ ಸಾಂತ್ವನವೇ ಹೊರತು ಸಂಕಟವನ್ನು ವಿಧಿಸುವ ನಿಯಮವಲ್ಲ.

ಈ ಭೇದ ಬರಿಯ ತರ್ಕದ್ದಲ್ಲ. ಕವಿಯ ಸೀಮೆಯಾದ ಕೆನರಾದ ಕ್ಯಾಥೊಲಿಕರು 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಸಾಗಿಸಲ್ಪಟ್ಟರು. ಬದುಕುಳಿದವರ ಬಿಡುಗಡೆಯಾದುದು 1799ರಲ್ಲಿ. ಆ ಹದಿನೈದು ವರ್ಷಗಳನ್ನು ವಿಶ್ವಾಸದ ಪಾಠಶಾಲೆಯೆಂದು ವರ್ಣಿಸಿದರೆ ಸೆರೆಹಿಡಿದವನೇ ಗುರುವಾಗಿಬಿಡುತ್ತಾನೆ. ದಾರಿಯಲ್ಲಿ ಸತ್ತವರು ಯಾವ ಪಾಠ ಕಲಿತರೆಂಬುದಕ್ಕೂ ಉತ್ತರವಿಲ್ಲ. 'ಗೊಲ್ಗೊಥಾ'ವನ್ನು ನೋವಿನ ಸ್ತುತಿಯೆಂದು ಓದುವುದಕ್ಕಿಂತ, ಅಕ್ರೈಸ್ತ ಕವಿಯೊಬ್ಬರು ನಿರಪರಾಧಿಯೊಬ್ಬನ ವಧೆಯನ್ನು ಕುರಿತು ರಚಿಸಿದ ಶೋಕಕಥನವೆಂದು ಓದುವುದೇ ಹೆಚ್ಚು ಉಚಿತ.